ಅಳಿಸಿಹೋದ ಅವ್ವನ ಹೆಸರು

ದಕ್ಷಿಣದ ಮಹಾಸಾಗರದ ನಡುವಿನ ಐತುತಾಕಿ ದ್ವೀಪದ ಹೆಂಗಸರು ವಾರಕ್ಕೊಮ್ಮೆ ಚರ್ಚಿನ ಪಕ್ಕದ ಹಜಾರದಲ್ಲಿ ಸೇರಿ ತಿವೈವೈ ಹೊಲೀತಾರೆ. ಬಟ್ಟೆಯಲ್ಲಿ ಹೂವಿನ ಚಿತ್ತಾರ ಕತ್ತರಿಸಿ, ಇನ್ನೊಂದು ಬಟ್ಟೆ ಮೇಲಿಟ್ಟು ಹೊಲಿಯೋ ದೊಡ್ಡ ಹೊದಿಕೆ ಅದು. ಮದುವೆಗೆ ಉಡುಗೊರೆ ಕೊಡೋದೂ ಅದನ್ನೇ, ಸತ್ತವರಿಗೆ ಹೊದಿಸಿ ಮಣ್ಣು ಮಾಡೋದೂ ಅದನ್ನೇ. ಅವರಲ್ಲೊಬ್ಬಳು ಆಕೈತಿ; ಹೊಲೀತಾ ಕೂತರೆ ಅವಳ ಬಾಯಿಗೆ ಬಿಡುವೇ ಇರೋದಿಲ್ಲ. ಅವತ್ತು ಮಾತ್ರ ತುಟಿ ಎರಡು ಮಾಡಲಿಲ್ಲ.

"ಏನೇ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯ?" ಅಂದಳು ದೊಡ್ಡಪ್ಪನ ಮಗಳು ಉಪೊಕೊಯಿನಾ.

ಆಕೈತಿ ಫೋನು ಅವಳ ಮುಂದೆ ಹಿಡಿದಳು. "ಓದಕ್ಕಾ. ನಮ್ಮವ್ವನ್ನ ಕಳ್ಳಿ ಅಂತ ಬರೆದವ್ಳೆ."

ದ್ವೀಪದವರು, ಆಕ್ಲೆಂಡು ಸಿಡ್ನಿಗೆ ಹೋಗಿ ನೆಲೆಸಿದವರು, ಎಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ತಿವೈವೈ ಚಿತ್ತಾರಗಳ ಒಂದು ತಾಣ ಮಾಡಿಕೊಂಡಿದ್ದರು. ಯಾರು ಬೇಕಾದರೂ ತಮ್ಮ ಮನೆಯ ಚಿತ್ತಾರ ಹಾಕಬಹುದು, ಇನ್ನೊಬ್ಬರು ಹಾಕಿದ್ದನ್ನು ತಿದ್ದಬಹುದು. ಆಕೈತಿಯ ಅವ್ವ ಹೋದ ವರ್ಷ ತೀರಿಕೊಂಡಳು. ಅವಳು ಕತ್ತರಿಸಿದ ದಾಸವಾಳದ ತಿವೈವೈ ಅವಳ ಜೊತೆಗೇ ಮಣ್ಣು ಸೇರಿತು. ಉಳಿದಿದ್ದು ಈ ತಾಣದಲ್ಲಿ ಹಾಕಿದ್ದ ಒಂದು ಫೋಟೋ, ಕೆಳಗೆ ಅವಳ ಹೆಸರು. ಈಗ ಎರಡೂ ಇಲ್ಲ. ಆ ಜಾಗದಲ್ಲಿ, "ಇದು ನಮ್ಮನೆ ಚಿತ್ತಾರ. ಆ ಹೆಂಗಸು ಕದ್ದಿದ್ದು" ಅಂತ ಇತ್ತು.

ಬರೆದವಳು ಆಕ್ಲೆಂಡಿನ ತೆಪಾಯೇರು ದೊಡ್ಡಮ್ಮ. ನೆಂಟಳೇನಲ್ಲ, ಹಿರಿಯಳು ಅಂತ ಎಲ್ಲರೂ ದೊಡ್ಡಮ್ಮ ಅನ್ನೋದು. ಕತ್ತರಿ ಹಿಡಿಯೋದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಆ ತಾಣದ ಅರ್ಧ ಚಿತ್ತಾರ ಆಕೆಯವೇ. ಹಾಗಂತ ಕಂಡಕಂಡವರ ಕೆಲಸ ಅಳಿಸೋದು, ಹೊಸ ಹುಡುಗಿಯರನ್ನು "ನಿನಗೆ ಸೂಜಿ ಹಿಡಿಯೋಕೆ ಬರುತ್ತೇನೇ?" ಅಂತ ಹೀಯಾಳಿಸೋದು ತಿಂಗಳುಗಟ್ಟಲೆ ನಡೆದಿತ್ತು. ಒಬ್ಬರೂ ಕೇಳಿರಲಿಲ್ಲ. ಹೊಲಿಗೆ ಮನೆಯಲ್ಲಿ ಕತ್ತರಿ ಹಿಡಿದವಳಿಗೆ ಎದುರಾಡೋ ಪದ್ಧತಿಯೇ ಇಲ್ಲ.

ಆಕೈತಿಗೆ ತಡೆಯಲಿಲ್ಲ. ಆ ಮಧ್ಯಾಹ್ನವೇ ತಂಗಿಯರನ್ನೆಲ್ಲ ಕೂಡಿಸಿಕೊಂಡು ದೊಡ್ಡಮ್ಮನ ಚಿತ್ತಾರಗಳ ಕೆಳಗೆಲ್ಲ ಬಾಯಿಗೆ ಬಂದಂತೆ ಬರೆದಳು. ಕೆಲವನ್ನು ಅಳಿಸಿಯೂ ಬಿಟ್ಟಳು. ಹೊಟ್ಟೆ ತಣ್ಣಗಾಯಿತು ಅಂದುಕೊಂಡಳು.

ಮಾರನೇ ಬೆಳಿಗ್ಗೆ ಫೋನು ತೆಗೆದರೆ ತಾಣದಲ್ಲಿ ಬರೆಯೋಕೇ ಆಗುತ್ತಿಲ್ಲ. ಅಷ್ಟರಲ್ಲಿ ಉಪೊಕೊಯಿನಾ ಬಂದಳು. ತಾಣ ನೋಡಿಕೊಳ್ಳುವ ನಾಲ್ಕೈದು ಜನರಲ್ಲಿ ಅವಳೂ ಒಬ್ಬಳು.

"ನೀನು, ನಿನ್ನ ತಂಗಿಯರು, ಒಂದು ವಾರ ಏನೂ ಬರೆಯೋ ಹಾಗಿಲ್ಲ ಕಣೇ. ದೊಡ್ಡಮ್ಮನಿಗೆ ಒಂದು ತಿಂಗಳು."

"ಅಯ್ಯೋ ದೇವರೇ! ಅನ್ನಿಸಿಕೊಂಡವಳು ನಾನು, ಶಿಕ್ಷೆನೂ ನನಗೇನಾ? ನೀನು ನಮ್ಮನೆಯವಳು ಹೌದೋ ಅಲ್ವೋ?"

"ನಿಮ್ಮನೆಯವಳು ಅಂತಲೇ ತೀರ್ಮಾನಕ್ಕೆ ನಾನು ಕೂರಲಿಲ್ಲ. ತಾಣ ನೋಡಿಕೊಳ್ಳೋರಲ್ಲಿ ನಿನ್ನನ್ನೂ ಅರಿಯದ, ದೊಡ್ಡಮ್ಮನನ್ನೂ ಅರಿಯದ ಮೂವರು ನೋಡಿ ಹೇಳಿದ್ದು. ಆಕೆ ಅಳಿಸಿದ್ದು ತಪ್ಪಾದರೆ ನೀನು ಅಳಿಸಿದ್ದು ಹೆಂಗೆ ಸರಿಯಾಗುತ್ತೆ?"

ಆಕೈತಿ ಮುಖ ತಿರುಗಿಸಿದಳು. "ನಮ್ಮವ್ವನ ಫೋಟೋ ಹೋಯ್ತಲ್ಲಕ್ಕಾ. ಅದು ಬರುತ್ತಾ?"

"ಆಗಲೇ ಬಂದಿದೆ, ನೋಡು."

ನೋಡಿದಳು. ದಾಸವಾಳ ಇತ್ತು. ಅವ್ವನ ಹೆಸರಿತ್ತು. ಆಕೈತಿ ಫೋನನ್ನು ಎದೆಗೊತ್ತಿಕೊಂಡು ಗಳಗಳ ಅತ್ತಳು.

ಉಪೊಕೊಯಿನಾ ಪಕ್ಕದಲ್ಲಿ ಕೂತಳು. "ನಾವು ಎಡವಿದ್ದು ಎಲ್ಲಿ ಗೊತ್ತೇನೇ? ಬಟ್ಟೆಗೆ ಒಂದು ಸಲ ಕತ್ತರಿ ತಪ್ಪಿದರೆ ಇಡೀ ಬಟ್ಟೆ ಹಾಳು. ಅದಕ್ಕೇ ಹೊಲಿಗೆ ಮನೇಲಿ ಒಬ್ಬಳ ಮಾತು ನಡೀಬೇಕು, ಸರಿ. ಈ ತಾಣದಲ್ಲಿ ಹಾಗಲ್ಲ. ಇಲ್ಲಿ ಏನು ಅಳಿಸಿದರೂ ಹಳೇದು ಒಳಗೆ ಉಳಿದಿರುತ್ತೆ, ವಾಪಸ್ ತರಬಹುದು. ಒಬ್ಬರಿಗೆ ಹೆದರಿ ಕೂರಬೇಕಾದ್ದೇ ಇಲ್ಲ. ನಾವು ಆ ಪದ್ಧತಿನ ಇಲ್ಲಿಗೂ ಹೊತ್ಕೊಂಡು ಬಂದ್ವಿ."

"ಹಂಗಾದ್ರೆ ಆಕೆಗೆ ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ದೂರು ಕೊಡಲಿಲ್ಲ. ನಾನೂ ಕಂಡೂ ಕಾಣದವಳ ಹಾಗಿದ್ದೆ, ಅದು ನನ್ನ ತಪ್ಪು. ನಗಾಪೊಕೊ ಅಜ್ಜಿ ನೆನಪಿದೆಯಾ? ಆಕೆ ಹಾಕಿದ ಚಿತ್ತಾರನ ದೊಡ್ಡಮ್ಮ ಆಡಿಕೊಂಡಳು. ಅಜ್ಜಿ ಮರುಮಾತಾಡದೆ ತಾಣ ಬಿಟ್ಟುಹೋದಳು. ಮಳೆಗಾಲಕ್ಕೆ ಮುಂಚೆ ಸತ್ತೂ ಹೋದಳು. ಆಕೆಗೆ ಗೊತ್ತಿದ್ದ ಬೇರೆ ಚಿತ್ತಾರಗಳು ಈಗ ಯಾರಿಗೂ ಗೊತ್ತಿಲ್ಲ."

"ಹಂಗಾದ್ರೆ ದೊಡ್ಡಮ್ಮನ್ನ ಶಾಶ್ವತವಾಗಿ ಆಚೆ ಹಾಕಿಬಿಡಿ" ಅಂದಳು ಆಕೈತಿ.

"ಹಾಕಬಹುದು, ಆದರೆ ಅದು ಕೊನೆಗೆ. ಮೊದಲು ಒಬ್ಬರೇ ಹೋಗಿ ಮರ್ಯಾದೆಯಿಂದ ಹೇಳಬೇಕು: ದೊಡ್ಡಮ್ಮಾ, ಇಂಥ ಕಡೆ ಇಂಥ ಮಾತು ಬರೆದಿದ್ದೀರಿ, ಅದು ಸಲ್ಲದು ಅಂತ. ಕೇಳದಿದ್ದರೆ ಎಲ್ಲರೂ ಕಾಣೋ ಕಡೆ ಎಚ್ಚರಿಕೆ. ಆಮೇಲೆ ಕೆಲವು ದಿನ ಏನೂ ಬರೆಯದ ಹಾಗೆ ಕೈ ಕಟ್ಟಬೇಕು, ಯಾಕೆ ಅಂತಲೂ ಬರೆದು ತಿಳಿಸಬೇಕು. ಇಷ್ಟಕ್ಕೂ ಬಗ್ಗದಿದ್ರೆ ಆಚೆಗೇ, ಎಷ್ಟೇ ದೊಡ್ಡ ಕೈಯಾದರೂ ಸರಿ. ನಿಮ್ಮಿಬ್ಬರ ಕೈನ ಮಾತ್ರ ಒಂದೇ ಸಲಕ್ಕೆ ಕಟ್ಟಬೇಕಾಯ್ತು, ಯಾಕಂದ್ರೆ ತಾಣವೇ ಹೊತ್ತಿ ಉರೀತಿತ್ತು."

"ನಾನೀಗ ಏನು ಮಾಡಲಿ?"

"ನೀನು ಬೈದಿದ್ದು ನಿನ್ನ ಪಾಲಿನದು. ಅದನ್ನ ನೀನೇ ತೊಳೀಬೇಕು."

ವಾರ ಕಳೆದ ಮೇಲೆ ಆಕೈತಿ ಬರೆದಳು. ಬರೆಯೋಕೆ ಅರ್ಧ ದಿನ ಹಿಡಿಯಿತು. "ದೊಡ್ಡಮ್ಮಾ, ನಿಮ್ಮನ್ನು ಬೈದೆ, ನಿಮ್ಮ ಚಿತ್ತಾರ ಅಳಿಸಿದೆ. ತಪ್ಪಾಯಿತು. ಆದರೆ ನಮ್ಮವ್ವ ಕಳ್ಳಿಯಲ್ಲ. ಆಕೆ ದಾಸವಾಳ ಕತ್ತರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೀನಿ."

ದೊಡ್ಡಮ್ಮನ ತಿಂಗಳು ಮುಗಿಯಿತು. ಉತ್ತರ ಬರಲಿಲ್ಲ. "ನೋಡಿದೆಯಾ ಅಕ್ಕಾ, ಆಕೆ ಬಗ್ಗೋಳಲ್ಲ" ಅಂದಳು ಆಕೈತಿ. ಇನ್ನೊಂದು ವಾರ ಹೋಯಿತು. ಕೊನೆಗೆ ಒಂದು ಭಾನುವಾರ, ಚರ್ಚು ಬಿಟ್ಟ ಮೇಲೆ, ತಾಣದಲ್ಲಿ ದೊಡ್ಡಮ್ಮನ ಮಾತು ಕಾಣಿಸಿತು.

"ನಮ್ಮವ್ವನ ಪೆಟ್ಟಿಗೆಯಲ್ಲೂ ಇದೇ ದಾಸವಾಳ ಇತ್ತು. ನಮ್ಮವ್ವ, ಆಕೈತಿಯ ಅವ್ವ, ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಚಾಪೆ ಮೇಲೆ ಕೂತು ಹೊಲೀತಿದ್ದರಂತೆ. ಯಾರು ಮೊದಲು ಕತ್ತರಿಸಿದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಸತ್ತವಳನ್ನು ಕಳ್ಳಿ ಅಂದೆ. ಆಕೈತಿ ಒಪ್ಪಿದರೆ, ಆಕೆಯ ಅವ್ವನ ಹೆಸರಿನ ಕೆಳಗೆ ನಮ್ಮವ್ವನ ಹೆಸರನ್ನೂ ಬರೆಯಬಹುದಾ?"

ಈ ಸಲ ಕೇಳದೆ ಏನನ್ನೂ ಮುಟ್ಟಿರಲಿಲ್ಲ ಆಕೆ. ಕಣ್ಣೊರೆಸಿಕೊಳ್ಳೋಕೆ ಸೆರಗಿಲ್ಲದ ಆಕೈತಿ, ಭಾನುವಾರದ ಬಿಳಿ ಟೋಪಿಯಲ್ಲೇ ಮುಖ ಒರೆಸಿಕೊಂಡಳು. ಆಮೇಲೆ "ಬರೆಯಿರಿ ದೊಡ್ಡಮ್ಮಾ" ಅಂತ ಒತ್ತಿದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನಲ್ಲೂ ಹತ್ತು ಜನ ಕೂಡಿ ನಡೆಸುವ ಗುಂಪೊಂದು ಇದ್ದೇ ಇರುತ್ತೆ. ಅಲ್ಲಿ ಒಬ್ಬರು ಎಲ್ಲರನ್ನೂ ತುಳಿಯುತ್ತಿದ್ದರೆ, ದೊಡ್ಡವರು ಅಂತ ಸುಮ್ಮನಿರಬೇಡಿ, ಗುಂಪು ಕಟ್ಟಿಕೊಂಡು ಮೇಲೆಬೀಳಲೂ ಬೇಡಿ. ಬರೆದ ಮಾತನ್ನು ಹಾಗೇ ಉಳಿಸಿಕೊಂಡು ನೋಡಿಕೊಳ್ಳುವವರಿಗೆ ತೋರಿಸಿ. ನೋಡಿಕೊಳ್ಳುವವರು ನೀವೇ ಆಗಿದ್ದರೆ, ನಿಮ್ಮ ನೆಂಟರಿಗೂ ಅದೇ ನಿಯಮ ಇರಲಿ. ಮತ್ತೆ, ಗುಂಪಿನಿಂದ ಮಾತಿಲ್ಲದೆ ಎದ್ದು ಹೋದವರು ಯಾರು ಅಂತ ಇವತ್ತೇ ಒಂದು ಸಲ ನೋಡಿ. ಅವರು ಇನ್ನೂ ಬದುಕಿರುವಾಗಲೇ ಫೋನು ಮಾಡಿ ಕರೆಯಿರಿ.