ಬೆಟ್ಟಯ್ಯನ ಎಡಗೈ

ಮಾವನಲ್ಲ ಎಂಬ ನಮ್ಮೂರಿನಲ್ಲಿ ಮುರಿದ ಮೂಳೆ ಕೂರಿಸುವವನು ನಾನೊಬ್ಬನೇ. ಈ ನಂಜುಂಡೇಶ ಕಟ್ಟಿದ ಕೈ ಡೊಂಕಾಗದು ಎಂಬ ಮಾತು ಮಸಿನಗುಡಿಯವರೆಗೂ ಇದೆ. ಅದನ್ನು ಹಬ್ಬಿಸಿದವನೂ ನಾನೇ.

ನಾನು ಕಟ್ಟಿದ್ದರಲ್ಲಿ ನಮ್ಮೂರ ಬೆಟ್ಟಯ್ಯನ ಮುರಿದ ಎಡಗೈ ಮಾತ್ರ ಕೆಟ್ಟಿತು. ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ, ಬೊಗಸೆ ಒಡ್ಡಲಾಗುತ್ತಿರಲಿಲ್ಲ. ಅವನ ಮದುವೆಯ ಧಾರೆಯಲ್ಲಿ ಹೆಂಡತಿ ಶೋಭಾರಾಣಿ ಆ ಕೈಯಡಿ ತನ್ನ ಕೈ ಕೊಟ್ಟು ನೀರು ಹಿಡಿದಳು. ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಅವನೇ ಕಟ್ಟು ಬಿಚ್ಚಿದ. ತುರಿಕೆ ತಾಳದೆ ಒಮ್ಮೆ ಸಡಿಲಿಸಿದ್ದು ನಿಜ. ನನಗೆ ಅಷ್ಟೇ ಸಾಕಾಗಿತ್ತು.

ಹೋದ ಮಳೆಗಾಲದಲ್ಲಿ ಎಮ್ಮೆ ಹುಡುಕಿಕೊಂಡು ಕಾಡಿಗೆ ಹೋದ ಬೆಟ್ಟಯ್ಯ ಮರಳಲಿಲ್ಲ. ಗೂಡಲೂರು ಕಡೆ ಯಾರನ್ನೋ ಕಟ್ಟಿಕೊಂಡಿದ್ದಾನೆ ಎಂದು ಊರು ಆಡಿಕೊಂಡಿತು. ಶೋಭಾರಾಣಿ ಎಂಟು ತಿಂಗಳು ಅದನ್ನು ಕೇಳಿಸಿಕೊಂಡಳು.

ಮೊನ್ನೆ ಹಳ್ಳದ ಬದಿಯಲ್ಲಿ ಮೂಳೆಗಳು ಸಿಕ್ಕವು. ಫಾರೆಸ್ಟ್ ಗಾರ್ಡ್ ರಂಗನಾಥನ್ ಅವಳಿಗೆ ಹೇಳಿಕಳಿಸಿದ. ಆ ಕೈ ಕಟ್ಟಿದವನು ನಾನೆಂದು ಅವಳು ನನ್ನನ್ನೂ ಕರೆದೊಯ್ದಳು. ಟಾರ್ಪಾಲಿನ ಮೇಲೆ ಎಲ್ಲವೂ ಬಿಡಿಬಿಡಿ. ಮೂಳೆಗೆ ಮೂಳೆ ಹಿಡಿದಿರುವುದು ಕೀಲಿನ ನಾರಿನಿಂದ. ಅದು ಕೊಳೆತರೆ ಯಾವ ಕೀಲೂ ನಿಲ್ಲದು. ಎಡಮುಂಗೈಯ ಜೋಡಿ ಮೂಳೆ ಮಾತ್ರ ಒಂದನ್ನೊಂದು ಬಿಟ್ಟಿರಲಿಲ್ಲ.

"ಇದೊಂದು ಹೆಂಗೆ ಅಂಟ್ಕಂಡದೆ ಅಣ್ಣಾ? ಟೆಸ್ಟ್‌ಗೆ ಹೋಗ್ತದೆ, ರಿಪೋರ್ಟ್ ಬರಕ್ಕೆ ಮೂರ್ ತಿಂಗ್ಳಾಯ್ತದೆ," ಎಂದ ರಂಗನಾಥನ್.

"ಅಲ್ಲೀಗಂಟ ತಡ್ಕಳಕ್ಕಾಗಲ್ಲಣ್ಣ," ಎಂದಳು ಶೋಭಾರಾಣಿ ನನಗೆ. "ಅವ್ರ ಕೈನಾ ಅಲ್ವಾ, ಇವತ್ತೇ ಹೇಳ್ಬುಡು."

ಮುಂಗೈಯಲ್ಲಿ ಒಂದು ಮೂಳೆಯ ಮೇಲೆ ಇನ್ನೊಂದು ಹೊರಳಿದರೇ ಅಂಗೈ ತಿರುಗುವುದು. ಕಟ್ಟುವಾಗ ಎರಡರ ನಡುವೆ ಬಟ್ಟೆಯ ಸುರುಳಿ ಒತ್ತಿಡಬೇಕು, ಇಲ್ಲದಿದ್ದರೆ ಬೆಸೆದುಕೊಳ್ಳುತ್ತವೆ. ಬೆಟ್ಟಯ್ಯನ ಕೈ ಕಟ್ಟಿದ ದಿನ ನಾನು ಸುರುಳಿ ಇಡಲು ಮರೆತಿದ್ದೆ. ಸಂಜೆಗೇ ನೆನಪಾಗಿತ್ತು. ಬಿಚ್ಚಿ ಕಟ್ಟಿದರೆ ಹೆಸರು ಹೋಗುತ್ತದೆಂದು ಸುಮ್ಮನಾದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕಟ್ಟು ಸಡಿಲವಾದ ಕೈ ಡೊಂಕಾಗುತ್ತದೆ, ಹೀಗೆ ಬೆಸೆಯುವುದಿಲ್ಲ. ಇಷ್ಟು ವರ್ಷ ನಾನು ಹೇಳಿದ ಕತೆ ನಿಜವಾದರೆ ಇದು ಬೆಟ್ಟಯ್ಯನ ಕೈಯೇ ಅಲ್ಲ. ಆಗ ಅವನು ಗೂಡಲೂರಿನಲ್ಲೇ ಇದ್ದಾನೆ ಎಂದಾಯಿತು. ಹಾಗೆಂದು ಹೇಳಿ ಎದ್ದು ಬರಬಹುದಿತ್ತು. ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು.

"ಅವಂದೇ ಕಣವ್ವ," ಎಂದೆ. "ಅವ್ನು ಬಿಚ್ಚಿದ್ದಕ್ಕೆ ಕೆಟ್ಟಿದ್ದಲ್ಲ ಈ ಕೈ. ನಾನೇ ತಪ್ಪು ಕಟ್ಟಿದ್ದೆ."

ರಂಗನಾಥನ್ ನನ್ನನ್ನೇ ನೋಡಿದ. ನಾಳೆಗೆ ಮಸಿನಗುಡಿಗೂ ಗೊತ್ತಾಗುತ್ತದೆ.

ಶೋಭಾರಾಣಿ ಅಳಲಿಲ್ಲ. ಕೂತು, ಆ ಜೋಡಿ ಮೂಳೆಯ ಅಡಿಗೆ ತನ್ನ ಅಂಗೈ ಕೊಟ್ಟು ಮೆಲ್ಲಗೆ ಎತ್ತಿಕೊಂಡಳು.

"ಅವ್ರು ಹಳ್ಳದಲ್ಲಿ ನೀರು ಕುಡ್ಯವಾಗೆಲ್ಲ, 'ಆ ಕಟ್ಟು ನಾನ್ಯಾಕೆ ಬಿಚ್ಚ್ಕಂಡೆ' ಅಂತ ತಮ್ಮನ್ನೇ ತಾವು ಬೈಕಳ್ಳೋರು ಅಣ್ಣ," ಎಂದಳು.