ನೀರಿಗೂ ಎರಡು ಗೆರೆ

ಮಂಕಿಯ ಹೈವೇಯಲ್ಲಿ ದೇವರಾಜನ ಬೈಕಿಗೆ ಲಾರಿ ಬಡಿದು ಅವನು ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ. ಅವನ ಹೆಂಡತಿ ರೋಹಿಣಿಗೆ ಮುಟ್ಟಿನ ದಿನ ಕಳೆದು ಹನ್ನೆರಡು ದಿನವಾಗಿತ್ತು. ದುಃಖಕ್ಕೂ ಹೀಗಾಗುವುದುಂಟು ಎಂದು ಓದಿ ತಿಳಿದವಳು. ಆದರೂ ಆಸೆ ಬಂತು.

ಬಸುರಿನ ಪರೀಕ್ಷೆಯ ಪಟ್ಟಿಯನ್ನು ಮೆಡಿಕಲ್ ಶಾಪಿನಲ್ಲಿ ಕೇಳುವಂತಿರಲಿಲ್ಲ. ಹೊನ್ನಾವರದಲ್ಲಿ ಕೊಂಡರೆ ಅವಳಿಗಿಂತ ಮೊದಲೇ ಸುದ್ದಿ ಮಂಕಿಯಲ್ಲಿ ಬಸ್ಸಿಳಿಯುತ್ತಿತ್ತು. ಗಂಡ ಸತ್ತವಳಿಗೆ ಇದೆಂತಕ್ಕೆ ಎಂಬ ಪ್ರಶ್ನೆಯೂ ಜೊತೆಗೆ. ಅವಳು ಕೆಲಸ ಮಾಡುವ ಕುಮಟೆಯ ಕಾಲೇಜಿನ ಲ್ಯಾಬಿನಲ್ಲಿ ಅಂಥ ಪಟ್ಟಿಗಳು ಡಬ್ಬಿಗಟ್ಟಲೆ ಇದ್ದವು. ಬಸುರಿಯರ ಮೈಯಲ್ಲಿ ಹುಟ್ಟುವ ಎಚ್‌ಸಿಜಿ ಎಂಬ ಪ್ರೊಟೀನನ್ನು ಗುರುತಿಸುವ ಅಗ್ಗದ ಪಟ್ಟಿ ತಯಾರಿಸುವುದೇ ಅಲ್ಲಿಯ ಸಂಶೋಧನೆ. ಅದಕ್ಕೆ ತರಿಸಿದ ಪ್ರೊಟೀನು ಯಾವ ಹೆಂಗಸಿನದೂ ಅಲ್ಲ. ಮನುಷ್ಯರ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ, ಅವುಗಳಿಂದ ಮಾಡಿಸಿ, ಒಣಗಿಸಿ, ಪುಟ್ಟ ಸೀಸೆಯಲ್ಲಿ ಕಳಿಸಿದ ಬಿಳಿ ಪುಡಿ. ಸಂಶೋಧನೆಗೆ ಮಾತ್ರ ಎಂದು ಸೀಸೆಯ ಮೇಲೆ ಬರೆದಿತ್ತು.

ಶುಕ್ರವಾರ ಎಲ್ಲರೂ ಊಟಕ್ಕೆ ಹೋದಾಗ ರೋಹಿಣಿ, ತೊಳೆದು ಕವುಚಿಟ್ಟಿದ್ದ ಗಾಜಿನ ಬೀಕರೊಂದನ್ನೂ ಪಟ್ಟಿಯೊಂದನ್ನೂ ತೆಗೆದುಕೊಂಡು ಬಚ್ಚಲಿಗೆ ಹೋದಳು. ಮೊದಲು ಆ ಪಾತ್ರೆಯಲ್ಲಿ ಬರೀ ನೀರು ಹಾಕಿ ಪಟ್ಟಿ ಅದ್ದಿ ನೋಡಬೇಕು, ಉಳಿದದ್ದೆಲ್ಲ ಆಮೇಲೆ. ಹೊಸಬರಿಗೆ ಈ ಪಾಠ ಹೇಳಿಕೊಡುವವಳು ಅವಳೇ. ಅಂದು ಅಷ್ಟು ತಾಳ್ಮೆ ಇರಲಿಲ್ಲ, ನೇರ ಮೂತ್ರ ಹಿಡಿದು ಪಟ್ಟಿ ಅದ್ದಿದಳು. ಎರಡು ಗೆರೆ ಮೂಡಿದವು. ಒಂದೇ ಆಗಿದ್ದರೆ ಇಲ್ಲ ಎಂದು, ಎರಡಾದರೆ ಬಸುರಿ ಎಂದು ಅರ್ಥ.

ಸಂಜೆ ಅತ್ತೆ ನಾಗಮ್ಮನಿಗೆ ಹೇಳಿಬಿಟ್ಟಳು. ನಾಗಮ್ಮ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು. ಮರುದಿನ ಇಡಗುಂಜಿಯ ದೇವಸ್ಥಾನಕ್ಕೆ ಹೋಗಿ ಹರಕೆ ಹೇಳಿ ಬಂದಳು. ರೋಹಿಣಿಯನ್ನು ಮುಟ್ಟಳ್ಳಿಯ ತವರಿಗೆ ಕರೆದೊಯ್ಯಲು ಭಾನುವಾರ ಬಂದ ಅವಳ ಅಣ್ಣನನ್ನು ಅಂಗಳದಿಂದಲೇ ತಿರುಗಿ ಕಳಿಸಿದಳು. ನನ್ನ ಮಗ ವಾಪಸ್ ಬರ್ತಾ ಇದ್ದಾನೆ, ಅವನನ್ನು ಬಿಟ್ಟು ಇವಳೆಲ್ಲಿಗೆ ಹೋಗುವುದು ಎಂದಳು.

ಸೋಮವಾರ ಲ್ಯಾಬಿನಲ್ಲಿ, ಜೊತೆಗೆ ಕೆಲಸ ಮಾಡುವ ಅರ್ಚಿತಾ ನಗುತ್ತ ನಿಂತಿದ್ದಳು.

"ರೋಹಿಣಿ ಅಕ್ಕಾ, ಇಲ್ಲಿ ನೋಡಿ. ಬರೀ ನೀರಿಗೂ ಎರಡು ಗೆರೆ. ಕುಮಟೆಯ ನಲ್ಲಿ ನೀರೂ ಬಸುರಿ ಆತು."

ಪ್ರೊಟೀನು ಕಲಸಿದ ಬೀಕರುಗಳನ್ನು ಯಾರೋ ಸೋಪು ಹಾಕದೆ ನೀರಲ್ಲಿ ಅದ್ದಿ ಕವುಚಿಟ್ಟಿದ್ದರು. ಗಾಜಿಗೆ ಅಂಟಿದ್ದು ಅಷ್ಟಕ್ಕೆ ಬಿಟ್ಟಿರಲಿಲ್ಲ. ಗುರುವಾರದ ಪಾತ್ರೆಗಳಿವು ಎಂದಳು ಅರ್ಚಿತಾ. ಗುರುವಾರ ತೊಳೆದವಳು ರೋಹಿಣಿಯೇ. ತೊಳೆದ ನೆನಪೂ ಅವಳಿಗಿರಲಿಲ್ಲ. ಈಚೆಗೆ ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡಿ ಮುಗಿಸುತ್ತಿದ್ದವು.

ಹೊಸ ಪ್ಲಾಸ್ಟಿಕ್ ಲೋಟ ತೆಗೆದುಕೊಂಡು ಮತ್ತೆ ಬಚ್ಚಲಿಗೆ ಹೋದಳು. ಒಂದೇ ಗೆರೆ. ಇನ್ನೊಂದು ಪಟ್ಟಿ ಅದ್ದಿದಳು. ಅದರಲ್ಲೂ ಒಂದೇ.

ಮನೆಗೆ ಬಂದಾಗ ನಾಗಮ್ಮ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ರೋಹಿಣಿ ಹೆಗಲ ಚೀಲವನ್ನೂ ಇಳಿಸದೆ ನಡೆದದ್ದನ್ನು ಹೇಳಿದಳು. ಅತ್ತೆಗೆ ಅದರಲ್ಲಿ ಎಷ್ಟು ತಿಳಿಯಿತೋ.

"ಹಂಗಾರೆ ಮೊದಲು ಕಂಡದ್ದು?"

"ಅದು ಸೀಸೆಯದ್ದು, ಅತ್ತೆ. ನಂದಲ್ಲ."

ನಾಗಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ಎರಡನೇ ಸಲ ನೋಡೂಕೆ ನಿಂಗೆ ಯಾರು ಹೇಳಿದ್ರು?"

ಅತ್ತೆ ಮೊರ ದೂಡಿ ಎದ್ದಳು. ಒಳಗೆ ಹೋಗಿ ಮುಖ ತೊಳೆದು ಬಂದು, ನಿನ್ನ ಅಣ್ಣನಿಗೆ ಫೋನು ಹಚ್ಚಿ ಕೊಡು ಎಂದಳು.

ರೋಹಿಣಿ ಹಚ್ಚಿ ಕೊಟ್ಟಳು.