ಥರ್ಮಾಕೋಲಿನ ಮೂರು ಅಂತಸ್ತು

ಅರಬ್ ನಾಡಿನ ಇರ್ಬಿದ್ ಊರಿನ ಮದುವೆ ಹಾಲ್‌ಗಳಲ್ಲಿ ವೇದಿಕೆಯ ಮೇಲೆ ನಿಲ್ಲಿಸುವ ಕೇಕು ನೋಡುವುದಕ್ಕೆ ಮಾತ್ರ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಒಳಗೆ ಥರ್ಮಾಕೋಲ್, ಮೇಲೆ ಸಕ್ಕರೆಯ ಹೊದಿಕೆ. ಐದಂತಸ್ತು, ಏಳಂತಸ್ತು ಎಂದು ಮೆರೆಯುವ ಗೋಪುರದಲ್ಲಿ ಗಂಡು ಹೆಣ್ಣು ಸೇರಿ ಉದ್ದನೆಯ ಕತ್ತಿ ಇಳಿಸುವ ಅಂತಸ್ತೊಂದೇ ನಿಜವಾದ ಕೇಕು. ನೆಂಟರ ತಟ್ಟೆಗೆ ಬರುವುದು ಒಳಗಿನ ಅಡುಗೆಮನೆಯಲ್ಲಿ ಟ್ರೇಗಟ್ಟಲೆ ಕೊಯ್ದಿಟ್ಟ ಬೇರೆ ಕೇಕು. ಅಜ್ಜಿಯ ಮದುವೆಯಲ್ಲೂ ಹಾಗೇ, ಮೊಮ್ಮಗಳ ಮದುವೆಯಲ್ಲೂ ಹಾಗೇ. ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ಯಾರೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದವಳು ವಿಸಾಲ್.

ಗಂಡ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ವಿಸಾಲ್ ಮನೆಯ ಓವನ್ನಿನಲ್ಲೇ ಕೇಕು ಮಾಡಿ ಮಾರಲು ಶುರು ಮಾಡಿದ್ದಳು. ಹುಟ್ಟುಹಬ್ಬದ ಕೇಕಿಗೆ ಗಿರಾಕಿ ಸಿಕ್ಕರು. ಮದುವೆ ಕೇಕಿಗೆ ಮಾತ್ರ ಎಲ್ಲರೂ ವೃತ್ತದ ಬಳಿ ಇರುವ ಅಬು ನಜೀಬ್ ಬೇಕರಿಗೇ ಹೋಗುತ್ತಿದ್ದರು. ಗಾಜಿನ ಬಾಗಿಲು, ಹೊಳೆಯುವ ಬೋರ್ಡು, ಕೇಕು ಕರಗದಂತೆ ಸಾಗಿಸುವ ತಣ್ಣನೆಯ ಗಾಡಿ, ಮೂವತ್ತು ವರ್ಷದ ಹೆಸರು. ಮನೆಯಲ್ಲಿ ಕೂತು ಬೇಯಿಸುವ ಹೆಂಗಸಿಗೆ ಅದರ ಮುಂದೆ ಯಾವ ಬೆಲೆ?

ಹಾಗಾಗಿ ಅವಳೊಂದು ಕಿತಾಪತಿ ಮಾಡಿದಳು. ಯಾರದೋ ಮದುವೆಗೆ ನೆಂಟಳಾಗಿ ಹೋದವಳು, ಬುಡದ ಸುತ್ತ ಸಕ್ಕರೆಯ ಮಲ್ಲಿಗೆ ಮಾಲೆ ಸುತ್ತಿದ್ದ ಕೇಕಿನ ಗೋಪುರದ ಪಕ್ಕ ನಿಂತು ಫೋನ್ ಹಿಡಿದು ವಿಡಿಯೋ ಮಾಡಿದಳು. ಚಮಚದಿಂದ ಟಪ್ ಟಪ್ ಎಂದು ಬಡಿದು, "ಯಾರಾದ್ರೂ ಇದ್ದೀರಾ ಒಳಗೆ? ಬಾಗಿಲು ತೆಗೀರಪ್ಪಾ!" ಎಂದಳು. ಆಮೇಲೆ ಕ್ಯಾಮೆರಾ ತನ್ನ ಕಡೆ ತಿರುಗಿಸಿ, "ನನ್ನ ಕೇಕು ಬುಡದಿಂದ ತುದಿವರೆಗೂ ಕೇಕೇ ಕಣ್ರೇ" ಎಂದು ನಕ್ಕಳು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಸಕ್ಕರೆಯ ಮಲ್ಲಿಗೆ ಮಾಲೆ ಅಬು ನಜೀಬ್ ಅವರ ಕೈಕೆಲಸ ಎಂದು ಯಾರಿಗೂ ಹೇಳಬೇಕಾಗಿಯೇ ಇರಲಿಲ್ಲ. ಅಬು ನಜೀಬ್ ಒಂದು ಮಾತೂ ಆಡಲಿಲ್ಲ. ಆ ಬೇಸಿಗೆ ಅವರ ಬೇಕರಿಗೆ ಬರಬೇಕಿದ್ದ ಮದುವೆಗಳಲ್ಲಿ ಅರ್ಧದಷ್ಟು ವಿಸಾಲಳ ಮನೆಯ ಮೆಟ್ಟಿಲು ಹತ್ತಿದವು. ಬುಡದಿಂದ ತುದಿವರೆಗೂ ಕೇಕು ಎಂಬ ಆ ಒಂದು ಮಾತೇ ಈಗ ಅವಳ ಬೋರ್ಡು, ಅವಳ ಗಾಜಿನ ಬಾಗಿಲು, ಅವಳ ಮನೆಯವರ ಊಟ.

ಆಗಸ್ಟ್ ತಿಂಗಳು ಬಂತು. ಕೊಲ್ಲಿಯಲ್ಲಿ ದುಡಿಯುವವರೆಲ್ಲ ರಜೆಗೆ ಬಂದು ಮದುವೆಗಳನ್ನು ಮುಗಿಸಿಕೊಂಡು ಹೋಗುವ ಕಾಲ. ಆ ಗುರುವಾರ ಉಮ್ಮ್ ಬಯಾನ್ ಎಂಬಾಕೆಯ ಮಗಳ ಮದುವೆ. ಉಮ್ಮ್ ಬಯಾನ್ ಅಂದರೆ ಬಾಯಿ. ಅವಳಿಗೆ ಹೇಳಿದರೆ ಡಂಗುರ ಹೊಡೆಸುವ ಖರ್ಚು ಉಳಿಯಿತು. ಐದಂತಸ್ತಿನ ಕೇಕು ಬೇಕೆಂದಿದ್ದಳು, ಐದೂ ನಿಜವಾದದ್ದು. ವಿಸಾಲ್ ಮೂರು ದಿನ ನಿದ್ದೆಗೆಟ್ಟು ಮಾಡಿದಳು. ಮಧ್ಯಾಹ್ನ ತಮ್ಮ ಮಾಮೂನನ ವ್ಯಾನಿನಲ್ಲಿ ಕೇಕನ್ನು ಏರಿಸಿಕೊಂಡು ಹಾಲ್‌ಗೆ ಹೊರಟಳು.

ವೃತ್ತದ ಹತ್ತಿರ ಬೇರೆ ಯಾವುದೋ ಮದುವೆಯ ದಿಬ್ಬಣ ಅಡ್ಡ ಬಂತು. ಕಾರುಗಳು ರಸ್ತೆ ತುಂಬ ಅಡ್ಡಾದಿಡ್ಡಿ ನಿಂತವು. ಹುಡುಗರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಹಾರ್ನ್ ಬಾರಿಸುತ್ತಿದ್ದರು, ಕೆಲವರು ಇಳಿದು ರಸ್ತೆಯಲ್ಲೇ ಕುಣಿಯುತ್ತಿದ್ದರು. ದಿಬ್ಬಣಕ್ಕೆ ದಾರಿ ಬಿಡಿ ಎಂದು ಕೇಳುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿಲ್ಲ. ವ್ಯಾನಿನೊಳಗೆ ಒಲೆಯ ಬಾಯಿಯಂಥ ಸೆಖೆ. ವಿಸಾಲ್ ರಟ್ಟಿನ ತುಂಡಿನಿಂದ ಕೇಕಿಗೆ ಗಾಳಿ ಬೀಸುತ್ತಾ ಕೂತಿದ್ದಳು. ಅವಳ ಕಣ್ಣೆದುರೇ ಮೇಲಿನ ಅಂತಸ್ತು ಒಂದು ಪಕ್ಕಕ್ಕೆ ವಾಲಿತು. ಅದರ ಭಾರಕ್ಕೆ ಅದರ ಕೆಳಗಿನದು, ಅದರ ಹಿಂದೆ ಇನ್ನೊಂದು. ಬೆಣ್ಣೆ, ಕೆನೆ, ಹೂವು ಎಲ್ಲ ಕಲಸಿಕೊಂಡು ವ್ಯಾನಿನ ನೆಲದ ಮೇಲೆ ಗುಪ್ಪೆಯಾಗಿ ಬಿತ್ತು. ಕೆಳಗಿನ ಎರಡು ಮಾತ್ರ ಹೇಗೋ ಉಳಿದವು.

"ಅಕ್ಕಾ, ಈಗೇನು ಮಾಡೋದು?" ಎಂದ ಮಾಮೂನ್.

ವಿಸಾಲ್ ಕಿಟಕಿಯಿಂದ ಹೊರಗೆ ನೋಡಿದಳು. ಎದುರಿಗೆ ಅಬು ನಜೀಬ್ ಬೇಕರಿಯ ಬೋರ್ಡು. ಬೇರೆ ದಾರಿ ಇರಲಿಲ್ಲ. ಇದ್ದಿದ್ದರೆ ಅವಳು ಬರಿಗಾಲಲ್ಲಿ ನಡೆದಾದರೂ ಅದನ್ನೇ ಹಿಡಿಯುತ್ತಿದ್ದಳು.

ಮುಂಬಾಗಿಲಿಂದ ಹೋಗಲು ಮುಖವಿಲ್ಲದೆ, ವ್ಯಾನನ್ನು ಹೇಗೋ ಹಿಂದಿನ ಓಣಿಗೆ ತಿರುಗಿಸಿ ಹಿಂಬಾಗಿಲಿಂದ ಹೋದಳು. ಅಬು ನಜೀಬ್ ಕೈಯೆಲ್ಲ ಹಿಟ್ಟು ಮಾಡಿಕೊಂಡು ಮೇಜಿನ ಮುಂದೆ ನಿಂತಿದ್ದರು. ಗೋಡೆಗೆ ಥರ್ಮಾಕೋಲಿನ ಬಿಲ್ಲೆಗಳು ಸಾಲಾಗಿ ತೂಗುತ್ತಿದ್ದವು. ಅವಳು ಬಾಗಿಲಲ್ಲೇ ನಿಂತಳು. ಅವರು ಅವಳ ತೋಳಿಗೆ ಮೆತ್ತಿದ್ದ ಕೆನೆ ನೋಡಿದರು, ಬಾಗಿಲಾಚೆಯ ವ್ಯಾನು ನೋಡಿದರು.

"ಎಷ್ಟು ಬಿತ್ತು?"

"ಮೂರು, ಅಬು ನಜೀಬ್."

"ಮೇಲಿನ ಮೂರಾ? ಪುಣ್ಯ ಮಾಡಿದ್ದೀಯ ಮಗಳೇ. ಬುಡ ಬಿದ್ದಿದ್ರೆ ನಾನೂ ಏನೂ ಮಾಡೋಕಾಗ್ತಿರ್ಲಿಲ್ಲ. ಬಾ, ಕೈ ತೊಳ್ಕೋ."

ಆ ವಿಡಿಯೋದ ಮಾತು ಎತ್ತುತ್ತಾರೆ ಎಂದು ಅವಳು ಕಾದಳು. ಒಂದು ಚುಚ್ಚುಮಾತು ಆಡಿದ್ದರೆ ಅವಳಿಗೂ ಸ್ವಲ್ಪ ಹಗುರವಾಗುತ್ತಿತ್ತು. ಅವರು ಆಡಲಿಲ್ಲ. ಗೋಡೆಯಿಂದ ಮೂರು ಬಿಲ್ಲೆ ಇಳಿಸಿ, ಸಕ್ಕರೆಯ ಹೊದಿಕೆ ಲಟ್ಟಿಸಿ, ಅವಳ ಕೇಕಿನ ಬಣ್ಣಕ್ಕೇ ಹೊಂದಿಸಿ ಹೊದಿಸಿದರು. ಹೂವುಗಳನ್ನೂ ಅವರೇ ಅಂಟಿಸಿದರು, ಅವಳ ಹೂವಿನ ಹಾಗೆಯೇ. ತಮ್ಮ ಮಲ್ಲಿಗೆ ಮಾಲೆಯನ್ನು ಸುತ್ತಲಿಲ್ಲ. ಕೆಳಗಿನಿಂದ ಎರಡನೇ ಅಂತಸ್ತಿಗೆ ತೆಳುವಾದ ರಿಬ್ಬನ್ ಕಟ್ಟಿ, "ಗಂಡಿಗೆ ಹೇಳು, ಕತ್ತಿ ಇಲ್ಲೇ ಇಳಿಸ್ಬೇಕು. ಮೇಲಕ್ಕೆ ಹೋದ್ರೆ ಕೆಲಸ ಕೆಟ್ಟಿತು" ಎಂದರು.

"ಎರಡೇ ಅಂತಸ್ತು ಕೇಕು ನೆಂಟರಿಗೆ ಸಾಲೋದಿಲ್ವಲ್ಲ" ಎಂದಳು ವಿಸಾಲ್.

"ನನ್ನ ಹತ್ರ ಎರಡು ಟ್ರೇ ಇದೆ, ಕಿತ್ತಳೆ ಹೂವಿನ ನೀರು ಹಾಕಿದ್ದು. ಅಡುಗೆಮನೆಗೆ ಕೊಟ್ಬಿಡೋಣ. ತಟ್ಟೇಲಿ ಬಂದದ್ದು ಎಲ್ಲಿಂದ ಬಂತು ಅಂತ ಯಾರು ಕೇಳ್ತಾರೆ?"

ಆಗ ಅವಳು ಒಂದು ಮಾತು ಅಂದಳು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳ ಮುಖ ಸುಡುತ್ತಿತ್ತು. "ದಯವಿಟ್ಟು ಯಾರಿಗೂ ಹೇಳ್ಬೇಡಿ" ಅಂದಳು. ಥ್ಯಾಂಕ್ಸ್ ಕೂಡ ಹೇಳುವ ಮೊದಲು.

"ನಾನ್ಯಾಕೆ ಹೇಳ್ಲಿ ಮಗಳೇ?" ಎಂದರು ಮುದುಕರು. ತಮ್ಮ ತಣ್ಣನೆಯ ಗಾಡಿಯನ್ನು ಹಿಂಬಾಗಿಲಿಗೆ ತರಿಸಿ, ಒಳಗಿನ ಓಣಿಗಳಲ್ಲಿ ಸುತ್ತು ಹೊಡೆದು ಕೇಕನ್ನು ಹಾಲ್‌ಗೆ ಮುಟ್ಟಿಸಿದರು.

ಹಾಲ್‌ನಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಗಂಡು ರಿಬ್ಬನ್ ಕಟ್ಟಿದ ಕಡೆಯೇ ಕತ್ತಿ ಇಳಿಸಿದ. ಹೆಂಗಸರು ನಾಲಿಗೆ ಆಡಿಸಿ ಉಲ್ಲಾಸದ ಕೂಗು ಹಾಕಿದರು. ಗೋಪುರವನ್ನು ಒಳಗೆ ತಳ್ಳಿಕೊಂಡು ಹೋದರು, ತಟ್ಟೆಗಳು ಹೊರಬಂದವು. ಗೋಪುರ ಎಲ್ಲಿ ಅಲ್ಲಾಡೀತೋ ಎಂದು ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದ ಅಬು ನಜೀಬ್ ಈಗ ನೆಮ್ಮದಿಯಾಗಿ ಹೊರಡಲು ಬಾಗಿಲ ಕಡೆ ಹೆಜ್ಜೆ ಹಾಕಿದರು. ಉಮ್ಮ್ ಬಯಾನಳ ಕಣ್ಣಿಗೆ ಅವರು ಬಿದ್ದದ್ದು ಆಗಲೇ.

"ಅಯ್ಯೋ, ಅಬು ನಜೀಬ್! ಗುಟ್ಟು ಕದಿಯೋಕೆ ಬಂದ್ರಾ?" ಎಂದಳು, ಐದಾರು ಮೇಜಿಗೆ ಕೇಳುವಂತೆ. "ಬನ್ನಿ, ಬನ್ನಿ, ಒಂದು ತುಂಡು ತಿಂದು ಹೋಗಿ. ಮೂವತ್ತು ವರ್ಷ ಇಡೀ ಊರಿಗೆ ಥರ್ಮಾಕೋಲ್ ತಿನ್ನಿಸಿದ್ರಿ. ಕೇಕು ಅಂದ್ರೆ ಹೇಗಿರತ್ತೆ, ಇವತ್ತಾದ್ರೂ ರುಚಿ ನೋಡಿ!"

ಮೇಜುಗಳು ಗೊಳ್ಳೆಂದು ನಕ್ಕವು. ಯಾರೋ ಒಬ್ಬಳು ಚಮಚದಿಂದ ಮೇಜು ಬಡಿದು "ಯಾರಾದ್ರೂ ಇದ್ದೀರಾ ಒಳಗೆ?" ಎಂದಳು. ಇನ್ನೊಮ್ಮೆ ನಗು.

ವಿಸಾಲ್ ಅವರಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಹೇಳಬೇಕಾಗಿದ್ದದ್ದು ಬಹಳವೇನಲ್ಲ. ನಿಲ್ಲಿಸ್ರೇ, ಅದು ಅವರದೇ ಕೈಕೆಲಸ, ಅಷ್ಟು ಸಾಕಿತ್ತು. ಆದರೆ ಆ ಮಾತು ಹೊರಬಿದ್ದ ಮರುಗಳಿಗೆಯಲ್ಲಿ ಅವಳ ಬೋರ್ಡು ಕಳಚಿ ಬೀಳುತ್ತಿತ್ತು. ಅವಳು ಗಂಡನ ಮುಖ ನೆನೆದಳು, ಮಕ್ಕಳನ್ನು ನೆನೆದಳು; ಇಂಥ ಹೊತ್ತಿನಲ್ಲಿ ಮನುಷ್ಯರಿಗೆ ಹೆಂಡತಿ, ಗಂಡ, ಮಕ್ಕಳು ಬಹಳ ಬೇಗ ನೆನಪಾಗುತ್ತಾರೆ. ಎಲ್ಲರೂ ತನ್ನ ಕಡೆ ತಿರುಗಿದಾಗ ಅವಳೂ ನಕ್ಕಳು.

ಅಬು ನಜೀಬ್ ತಟ್ಟೆ ತೆಗೆದುಕೊಂಡರು. ತಮ್ಮದೇ ಕೇಕಿನ ಒಂದು ತುಣುಕು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಒಳ್ಳೇ ಕೈ ಕಣಮ್ಮಾ ಇವಳದ್ದು. ದೇವರು ಆ ಕೈಯನ್ನ ಚೆನ್ನಾಗಿಟ್ಟಿರ್ಲಿ" ಎಂದು ಹೊರಟುಹೋದರು. ವಿಸಾಲಳಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಅಷ್ಟರಲ್ಲಿ ಉಮ್ಮ್ ಬಯಾನಳ ನಾದಿನಿ ರಗದಾ ಅವಳ ತೋಳು ಹಿಡಿದು, "ಮುಂದಿನ ಗುರುವಾರ ನನ್ನ ಮಗನ ಮದುವೆ. ಅಬು ನಜೀಬ್‌ಗೆ ಹೇಳಿದ್ದೆ, ಇವತ್ತು ಇದನ್ನ ತಿಂದ ಮೇಲೆ ಮನಸ್ಸು ಬದಲಾಯ್ತು. ನೀನೇ ಮಾಡ್ಬೇಕು" ಎಂದಳು. ವಿಸಾಲ್ ಆಗಲಿ ಎಂದಳು. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು.

ಶುಕ್ರವಾರ ಅವಳು ಮನೆ ಬಿಟ್ಟು ಕದಲಲಿಲ್ಲ. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ಹೊಗಳಿಕೆ, ಹೊಸ ಗಿರಾಕಿಗಳು. ಹಾಲ್‌ನ ಅಡುಗೆಮನೆಯಿಂದ ತಂದ ಮೂರು ಬಿಲ್ಲೆಗಳ ಮೇಲಿನ ಸಕ್ಕರೆಯನ್ನು ಕೆರೆದು, ತೊಳೆದು, ಮಹಡಿಯ ಮೇಲೆ ಬಿಸಿಲಿಗೆ ಇಟ್ಟಳು. ಪಕ್ಕದ ಮನೆಯವಳು ಮಹಡಿಗೆ ಬಟ್ಟೆ ಹರವಲು ಬಂದಾಗ ಅವುಗಳ ಮೇಲೆ ಚಾದರ ಎಳೆದಳು. ಚಾದರ ಎಳೆದ ಕೈಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಇಲ್ಲ, ಇದು ಸಾಕು, ನಾಳೆ ಹೋಗಿ ಎಲ್ಲ ಹೇಳಿಬಿಡುತ್ತೇನೆ, ರಗದಾಳಿಗೂ ಹೇಳುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದಳು. ನಿಜವಾಗಿಯೂ ಮಾಡಿದಳು, ಅದರಲ್ಲಿ ಸುಳ್ಳಿಲ್ಲ.

ಶನಿವಾರ ಬೆಳಗ್ಗೆ ಬಿಲ್ಲೆಗಳನ್ನು ಕಪ್ಪು ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಈ ಸಲ ಮುಂಬಾಗಿಲಿಂದಲೇ ಬೇಕರಿಗೆ ಹೋದಳು. ಒಳಗೆ ರಗದಾ ನಿಂತಿದ್ದಳು. ತನ್ನ ಆರ್ಡರ್ ರದ್ದು ಮಾಡಲು ಬಂದಿದ್ದಳು.

"ನೋಡಿ, ಹೆಸರು ಹೇಳಿದ ಹಾಗೇ ಬಂದ್ಳು!" ಎಂದಳು ರಗದಾ. "ಅಬು ನಜೀಬ್, ಬೇಜಾರು ಮಾಡ್ಕೋಬೇಡಿ. ನಾನು ಎಷ್ಟೋ ಕೇಕು ತಿಂದಿದ್ದೀನಿ. ಇವಳ ಆ ಕಿತ್ತಳೆ ಹೂವಿನ ಘಮ ಇದೆಯಲ್ಲ, ಅದು ಅಂಗಡಿ ಕೇಕಿಗೆ ಬರೋದಿಲ್ಲ, ಮನೇಲಿ ಮಾಡಿದ್ದಕ್ಕೇ ಬರೋದು."

ಅಬು ನಜೀಬ್ ಪೆಟ್ಟಿಗೆಯೊಂದಕ್ಕೆ ದಾರ ಕಟ್ಟುತ್ತಿದ್ದರು.

"ಅದು ನಂದಲ್ಲ" ಎಂದಳು ವಿಸಾಲ್. "ನೀವು ತಿಂದದ್ದು ಇವರ ಕೇಕು. ನಂದು ದಾರೀಲೇ ಬಿದ್ದುಹೋಯ್ತು. ಮೇಲಿನ ಮೂರು ಅಂತಸ್ತು ಥರ್ಮಾಕೋಲು, ಅದೂ ಇವರೇ ಕೊಟ್ಟದ್ದು."

ರಗದಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಯ್ಯೋ ನನ್ನ ಬಂಗಾರ! ಮುದುಕ್ರ ಮನಸ್ಸು ನೋಯಬಾರ್ದು ಅಂತ ಎಂಥಾ ಸುಳ್ಳು ಕಟ್ತೀಯೇ! ಕತ್ತಿ ಇಳಿದದ್ದು ನನ್ನ ಕಣ್ಣಾರೆ ನೋಡಿದ್ದೀನಿ ಕಣೇ. ನೋಡಿ ಅಬು ನಜೀಬ್, ಕೈಗಿಂತ ಮನಸ್ಸು ದೊಡ್ಡದು ಇವಳದ್ದು. ಹೋಗಿ ಉಮ್ಮ್ ಬಯಾನ್‌ಗೆ ಹೇಳ್ತೀನಿ, ಅವಳೂ ನಗ್ಲಿ."

ದಾರ ಕಟ್ಟುತ್ತಿದ್ದ ಕೈ ನಿಂತಿತು. ಅಬು ನಜೀಬ್ ತಲೆ ಎತ್ತಿ ಮೊದಲು ವಿಸಾಲಳನ್ನು, ಆಮೇಲೆ ಅವಳ ಕೈಯಲ್ಲಿದ್ದ ಕಪ್ಪು ಚೀಲವನ್ನು ನೋಡಿದರು. ಹಾಲ್‌ನಲ್ಲಿ ಮಾಡಿದ ಹಾಗೆ ಈ ಸಲ ಅವರು ಅವಳ ಪರವಾಗಿ ಮಾತಾಡಲಿಲ್ಲ. ಸುಮ್ಮನೆ ಕಾದರು.

ಚೀಲದ ಗಂಟು ಸಡಿಲವಾಗಿತ್ತು, ಎರಡು ಬೆರಳಿನ ಕೆಲಸ. ಬಿಚ್ಚಿ ಬಿಲ್ಲೆಗಳನ್ನು ಗಾಜಿನ ಕೌಂಟರಿನ ಮೇಲೆ ಸುರಿದಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ. ಹೇಳುವುದನ್ನು ಹೇಳಿದ್ದೇನಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಅವಳ ಒಳಗೆ ಒಂದು ದನಿ ಎದ್ದಿತು. ಆ ದನಿಗೆ ಅವಳು ಎಷ್ಟು ಬೇಗ ಕಿವಿಗೊಟ್ಟಳು! ನಾಚಿಕೆಯಿಂದ ಕಿವಿಯ ತುದಿವರೆಗೂ ಬಿಸಿಯಾಯಿತು, ಆದರೂ ಬೆರಳು ಏಳಲಿಲ್ಲ.

ಅವಳು ಚೀಲವನ್ನು ಗಂಟಿನ ಸಮೇತ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಳು. ಅಬು ನಜೀಬ್ ಅದನ್ನು ಎತ್ತಿಕೊಂಡು ಒಳಗೆ ಹೋದರು.

"ಗುರುವಾರಕ್ಕೆ ಎಷ್ಟು ಅಂತಸ್ತು ಬೇಕು?" ಎಂದು ಅವಳು ರಗದಾಳನ್ನು ಕೇಳಿದಳು.